ಒತ್ತೆಗೆ ಕೂತವರು

ರೇವವ್ವ ನಡೆಸಿದ ಸಭೆಯನ್ನು ನಾನು ಮೊದಲ ಸಲ ನೋಡಿದಾಗ ಆಕೆ ಒಬ್ಬ ಗಂಡಸಿನ ಕೆನ್ನೆಗೆ ಬಾರಿಸಿದಳು. ಅವನ ಬಾಯಿಂದ ರಕ್ತವೂ ಬಂತು, ಎಲೆ ಅಡಿಕೆಯ ರಸವೂ ಬಂತು, ಯಾವುದು ಯಾವುದೆಂದು ಯಾರಿಗೂ ತಿಳಿಯಲಿಲ್ಲ. ಅವನು ಮಾಡಿದ ತಪ್ಪು ಇಷ್ಟೇ: ಎದುರಿನವನು ಮಾತಾಡುತ್ತಿದ್ದಾಗ ಎದ್ದು ನಿಂತಿದ್ದ. "ಕೂತು ಬೈ, ಬೇಕಾದಷ್ಟ ಬೈ. ನಿಂತು ಬೈದ್ರ ಕೈ ತಾನ ಮ್ಯಾಲೇಳತೈತಿ" ಎಂದಳು. ಅವನು ಕೆನ್ನೆ ಹಿಡಿದುಕೊಂಡು ಕೂತ, ಕೂತೇ ಬೈದ.

ನಾನು ಇಂಡಿಯಲ್ಲಿ ಶಾಮಿಯಾನ, ಜಮಖಾನೆ, ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ಹೆಸರು ಸಂಜೀವಕುಮಾರ. ಮದುವೆಗೆ, ದಿನಕರ್ಮಕ್ಕೆ, ಚುನಾವಣೆಗೆ ಎಲ್ಲಕ್ಕೂ ನಾನು ಬೇಕು. ರೇವವ್ವನಿಗೆ ಮಾತ್ರ ನನ್ನ ಅರ್ಧ ಸಾಮಾನು ಸಾಕು. ನೆರಳು ಬೇಕು, ಜಮಖಾನೆ ಬೇಕು, ಮೈಕ್ ಬೇಡ. "ಮೈಕ್ ಕೊಟ್ರ ಮಂದಿ ಎದುರಿಗಿದ್ದವನ ಕೂಡ ಮಾತಾಡಂಗಿಲ್ಲ, ಊರಿಗೆ ಭಾಷಣ ಮಾಡ್ತಾರ" ಎನ್ನುತ್ತಾಳೆ. ಒಳ್ಳೆಯ ಮಾತು, ಆದರೆ ನನ್ನ ಹೊಟ್ಟೆಯ ಮೇಲೆ ಹೊಡೆಯುವ ಮಾತು. ಮೈಕಿನ ಖಾಲಿ ಪೆಟ್ಟಿಗೆಯನ್ನು ಮಾತ್ರ ತರಿಸಿಕೊಳ್ಳುತ್ತಿದ್ದಳು. ಸಭೆಗೆ ಬಂದವರ ಮೊಬೈಲುಗಳನ್ನೆಲ್ಲ ಅದರಲ್ಲಿ ಹಾಕಿಸಿ, ಮುಚ್ಚಳದ ಮೇಲೆ ನನ್ನನ್ನು ಕೂರಿಸುತ್ತಿದ್ದಳು. ಹೀಗೆ ಆಕೆಯ ಸಭೆಗಳನ್ನೆಲ್ಲ ನಾನು ಮಂದಿಯ ಫೋನುಗಳ ಮೇಲೆ ಕೂತು ನೋಡಿದೆ.

ಆಕೆ ಹುಟ್ಟಿದ್ದು ಹೂವಿನ ಹಿಪ್ಪರಗಿಯ ಹತ್ತಿರದ ಕುರಿಗಾರರ ಮನೆಯಲ್ಲಿ. ಮನೆ ಎಂದದ್ದು ರೂಢಿಯ ಮಾತು, ಬೆಳೆದದ್ದೆಲ್ಲ ದಾರಿಯ ಮೇಲೆ. ಮಳೆಗಾಲ ಮುಗಿದರೆ ಕುರಿ ಹೊಡೆದುಕೊಂಡು ಭೀಮೆ ದಾಟಿ ಸೊಲ್ಲಾಪುರದ ಕಡೆ, ಇಲ್ಲವೆ ಕೃಷ್ಣೆ ದಾಟಿ ತೆಲುಗರ ಕಡೆ ಹೋಗುತ್ತಿದ್ದರು. ಮರಾಠಿ ಬಂತು, ತೆಲುಗು ಬಂತು, ತಾಂಡಾದವರ ಲಂಬಾಣಿ ಮಾತು ಬಂತು, ಕುರಿ ಕೊಳ್ಳಲು ಬರುವ ಸಾಬರ ಉರ್ದು ಬಂತು. "ಸಾಲಿಗೆ ಹೋಗಿ ಕಲೀಲಿಲ್ಲ, ಬೈಸ್ಕೊಂಡ ಕಲ್ತೇನಿ. ಎಲ್ಲಾ ಭಾಷಾದಾಗೂ ಮೊದಲ ಬೈಗುಳ ಬಂತು, ಆಮ್ಯಾಲ ನೀರು, ಆಮ್ಯಾಲ ರೊಟ್ಟಿ."

ಸೊಲ್ಲಾಪುರದ ಆಚೆ ಒಂದು ಊರಿನಲ್ಲಿ ಅವರ ಕುರಿಗಳು ಹಾಲುಗಾಳಿನ ಜೋಳಕ್ಕೆ ನುಗ್ಗಿದವು. ಹೊಲದವರು ಆಕೆಯ ಅಪ್ಪನನ್ನು ಬೇವಿನ ಮರಕ್ಕೆ ಕಟ್ಟಿ ಮೊಣಕಾಲಿನ ಮೇಲೆ ಬಡಿಗೆಯಿಂದ ಹೊಡೆದರು. ಎಲುಬು ಮುರಿಯಿತು, ಹೊಡೆತ ನಿಲ್ಲಲಿಲ್ಲ. ಆಗ ಅವ್ವ ಏನು ಮಾಡಿದಳೆಂದರೆ, ಪುಟ್ಟ ರೇವವ್ವನನ್ನು ಎತ್ತಿ ಹೊಲದೊಡೆಯನ ಹೆಂಡತಿಯ ಮಡಿಲಲ್ಲಿ ಕೂರಿಸಿದಳು. ಇದು ನಿಮ್ಮಲ್ಲಿರಲಿ, ನಿಮ್ಮದೊಂದು ನಮ್ಮಲ್ಲಿಗೆ ಕೊಡಿ, ಆಮೇಲೆ ಮಾತಾಡೋಣ ಎಂದು ಕೈಸನ್ನೆ ಮಾಡಿದಳು. ಆ ಹೆಂಗಸು ನಾಚಿಕೊಂಡು ತನ್ನ ಮಗನನ್ನು ಕುರಿಗಳ ನಡುವೆ ಕಳಿಸಿದಳು. ಬಡಿಗೆಗಳು ಕೆಳಗಿಳಿದವು. ಅಪ್ಪ ಸಾಯುವತನಕ ಕುಂಟಿದ, ಆದರೆ ಆ ದಿನ ಸಾಯಲಿಲ್ಲ.

ರೇವವ್ವ ದೊಡ್ಡವಳಾದ ಮೇಲೆ ಮಾಡಿದ್ದೆಲ್ಲ ಇದನ್ನೇ. ಎರಡು ಕಡೆಯವರೂ ತಮ್ಮದೊಂದು ಜೀವವನ್ನು ಎದುರಿನವರ ನಡುವೆ ಒತ್ತೆಗೆ ಕೂರಿಸಬೇಕು. ಹಾಗೆ ಕೂತವರು ಮುಂದಿನ ಸಾಲಿನಲ್ಲಿ, ತಮ್ಮವರಿಗೆ ಮುಖ ಕೊಟ್ಟು ಕೂರಬೇಕು. ಕಲ್ಲು ಒಗೆದರೆ ಅದು ನಿನ್ನವರಿಗೇ ಬೀಳುತ್ತದೆ. ಸಭೆ ಮುಗಿದ ಮೇಲೆ ರೇವವ್ವನೇ ಕೈ ಹಿಡಿದು ತಂದು, ಕೊಟ್ಟವರ ಕೈಗೆ ಕೊಡುತ್ತಿದ್ದಳು. ಆ ಜೀವಗಳಿಗೆ ಆಕೆಯೇ ಜಾಮೀನು. ಆಕೆಗಿದ್ದ ಆಸ್ತಿ ಅಂದರೆ ಈ ಹೆಸರೊಂದೇ: ರೇವವ್ವ ಒತ್ತೆಗೆ ಕೂರಿಸಿದವರು ಜೀವಂತ ಮನೆಗೆ ಹೋಗುತ್ತಾರೆ.

ಯಾರನ್ನು ಕೂರಿಸಬೇಕೆಂದು ಮಾತ್ರ ಆಕೆಯೇ ಆರಿಸುತ್ತಿದ್ದಳು. ಹಿಂದಿನ ದಿನವೇ ಊರಿಗೆ ಹೋಗಿ ಓಣಿಗಳಲ್ಲಿ ಸುಮ್ಮನೆ ಅಡ್ಡಾಡುತ್ತಿದ್ದಳು. ಯಾರ ಮನೆಯ ಮುದುಕಿಗೆ ಮೊದಲು ಚಹಾ ಕೊಡುತ್ತಾರೆ, ಯಾರು ಕೆಮ್ಮಿದರೆ ಮನೆಮಂದಿಯೆಲ್ಲ ತಿರುಗಿ ನೋಡುತ್ತಾರೆ, ಇವೆಲ್ಲ ಆಕೆಗೆ ಬೇಕು. ಕೊಲ್ಹಾರದ ಹಿನ್ನೀರಿನಲ್ಲಿ ಬಲೆ ಕಡಿದ ಜಗಳದಲ್ಲಿ ಒಬ್ಬನ ಕಣ್ಣು ಹೋಗಿತ್ತು. ಅಲ್ಲಿ ಆಕೆ ತೆಲುಗು ಮೀನುಗಾರರಿಂದ ಆಗಷ್ಟೇ ಮದುವೆಯಾದ ಅಳಿಯನನ್ನು ಕೇಳಿ ಪಡೆದಳು. ಸಿಂದಗಿ ಕಡೆ ತಾಂಡಾಕ್ಕೂ ಊರಿಗೂ ಗೋಮಾಳದ ಸಲುವಾಗಿ ಕೊಡಲಿ ಬಿದ್ದಾಗ, ಮುದ್ದೇಬಿಹಾಳದ ಕಲ್ಲುಗಣಿಯಲ್ಲಿ ಹಿಂದಿ ಕೂಲಿಗಳ ತಲೆ ಒಡೆದಾಗ, ಹೀಗೇ ಆರಿಸಿದಳು. ಗಂಡ ಸಂಗಣ್ಣ ನಗುತ್ತಿದ್ದ: "ನನ್ನ ಹೇಣ್ತಿ ನಾಕ ತಾಲೂಕಿನ ಜಗಳ ಬಗೀಹರಸ್ತಾಳ. ಮನಿಗೆ ಬಂದ್ರ ಮಾತಾಡಾಕ ದನೀನ ಉಳದಿರಂಗಿಲ್ಲ."

ಹೋದ ವರ್ಷ ಕಬ್ಬಿನ ಹಂಗಾಮಿನಲ್ಲಿ ನಡೆದದ್ದು ತಾಂಬಾದ ಆಚೆಯ ಒಂದು ಊರಿನಲ್ಲಿ. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿ ನನ್ನ ಗಿರಾಕಿಗಳು ಇನ್ನೂ ಇದ್ದಾರೆ, ನನಗೂ ಹಲ್ಲುಗಳು ಬೇಕು.

ಬಸಂತರಾಯ ಗೌಡ ಆ ಊರಿನ ದೊಡ್ಡ ಹಿಡುವಳಿದಾರ. ಅವನ ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ ಕಡೆಯಿಂದ ಒಂದು ಟೋಳಿ ಬಂದು ಹೊಲದಲ್ಲೇ ಗುಡಿಸಲು ಹಾಕಿತ್ತು. ಗಂಡಸರು, ಹೆಂಗಸರು, ಮಕ್ಕಳು, ಎತ್ತುಗಳು, ಅವರನ್ನು ಹೊತ್ತು ತಂದ ಟ್ರ್ಯಾಕ್ಟರು ಟ್ರಾಲಿಗಳು. ಒಂದು ಮುಂಜಾನೆ ಊರಿನ ಮುತ್ತು ಎಂಬ ಹುಡುಗ ಕುಡಿದು ನೀರಿನ ತೊಟ್ಟಿಯ ಹತ್ತಿರ ಹೋಗಿ, ಟೋಳಿಯ ರಾಜಶ್ರೀ ಎಂಬ ಹೆಂಗಸಿನ ಸೆರಗಿಗೆ ಕೈ ಹಾಕಿದ. ಆಕೆಯ ಗಂಡ ಅಂಕುಶ ಕಬ್ಬು ಕಡಿಯುವ ಕತ್ತಿ, ಅವರು ಕೊಯ್ತಾ ಅನ್ನುತ್ತಾರೆ, ಅದನ್ನು ಬೀಸಿದ. ಮುತ್ತುವಿನ ಮೂರು ಬೆರಳು ತೊಟ್ಟಿಗೆ ಬಿದ್ದವು. ಊರವರು ಹೋಗಿ ಗುಡಿಸಲುಗಳಿಗೆ ಬೆಂಕಿ ಇಟ್ಟರು. ಗೂಟಕ್ಕೆ ಕಟ್ಟಿದ ಎತ್ತೊಂದು ನಿಂತಲ್ಲೇ ಬೆಂದಿತು. ಅಂಕುಶನನ್ನು ಒದೆಯುತ್ತ ಎಳೆದುಕೊಂಡು ಬಂದು ಗೌಡನ ಪಂಪ್‌ಸೆಟ್ ಮನೆಯಲ್ಲಿ ಕೂಡಿಹಾಕಿದರು. ಮೂರು ಬೆರಳಿಗೆ ಬದಲಾಗಿ ಕೈ ಕಡಿಯಬೇಕೆಂದು ಕೆಲವರು, ಜೀವವನ್ನೇ ತೆಗೆಯಬೇಕೆಂದು ಕೆಲವರು. ಪೊಲೀಸರಿಗೆ ಯಾರೂ ಹೇಳಲಿಲ್ಲ. ಟೋಳಿಯವರಿಗೆ ಅಂಜಿಕೆ, ಗೌಡನಿಗೆ ಕಬ್ಬಿನ ಚಿಂತೆ.

ಗೌಡ ರೇವವ್ವನಿಗೆ ಜೀಪು ಕಳಿಸಿದ, ಶಾಮಿಯಾನಕ್ಕೆ ನನಗೂ ಫೋನು ಮಾಡಿದ. ಆಕೆ ಮುಟ್ಟಿದಾಗ ನಡುಮಧ್ಯಾಹ್ನ. ಪಂಪ್‌ಸೆಟ್ ಮನೆಯ ಬಾಗಿಲಿಗೆ ಹುಡುಗರು ಆಗಲೇ ಕೊಡಲಿಯಿಂದ ಕುಟ್ಟುತ್ತಿದ್ದರು, ಒಳಗಿಂದ ಅಂಕುಶನ ನರಳಾಟ ಕೇಳುತ್ತಿತ್ತು. ಓಣಿ ಅಡ್ಡಾಡಿ ನೋಡಲು ಹೊತ್ತಿರಲಿಲ್ಲ. ಟೋಳಿಯವರಿಂದ ಆಕೆ ರಾಜಶ್ರೀಯನ್ನೇ ಆರಿಸಿದಳು. ಇತ್ತ ಊರ ಕಡೆ ತಿರುಗುವಷ್ಟರಲ್ಲಿ ಬಸಂತರಾಯ ಕೈ ಮುಗಿದು ಎದ್ದು ನಿಂತ.

"ನೀ ಆರಸೂದು ಬ್ಯಾಡವ್ವಾ. ನನ್ನ ಒಡಹುಟ್ಟಿದ ತಮ್ಮನ್ನ ಕೊಡ್ತೇನಿ."

ಮಂದಿ ಭಲೆ ಎಂದರು. ನಮ್ಮ ಕಡೆ ಒಬ್ಬಾತ ತನ್ನ ತಮ್ಮನನ್ನೇ ಮುಂದೆ ಮಾಡಿದರೆ ಆತನನ್ನು ಇನ್ನೇನೂ ಕೇಳುವಂತಿಲ್ಲ. ಕೇಳಿದರೆ ಕೇಳಿದವರದೇ ಸಣ್ಣತನ. ರೇವವ್ವ ಒಂದು ಗಳಿಗೆ ಅವನ ಮುಖ ನೋಡಿ, ಆಗಲಿ ಎಂದಳು. ತಮ್ಮ ಅನಿಲ ಎದ್ದು ಬಂದ. ತೆಳ್ಳಗಿನ, ಕನ್ನಡಕದ ಮನುಷ್ಯ. ಅಣ್ಣತಮ್ಮಂದಿರ ಒಲೆ ಬೇರೆಯಾಗಿದ್ದು, ಕಾಲುವೆ ಪಕ್ಕದ ಹೊಲದ ಸಲುವಾಗಿ ಮಾತು ನಿಂತಿದ್ದು, ಹಂಗಾಮು ಮುಗಿದ ಮೇಲೆ ಪಾಲಿನ ದಾವೆ ಹಾಕುತ್ತೇನೆಂದು ಅನಿಲ ಹೇಳಿದ್ದು ಇಡೀ ಊರಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ರೇವವ್ವನಿಗೆ ಮತ್ತು ನನಗೆ. ದೊಡ್ಡ ಮನೆತನದ ಮಾತನ್ನು ಹೊರಗಿನವರ ಮುಂದೆ ಆಡಬಾರದೆಂದು ಊರು ಮರ್ಯಾದೆಯಿಂದ ಬಾಯಿ ಮುಚ್ಚಿಕೊಂಡಿತ್ತು. ಈ ಮರ್ಯಾದೆಗೆ ಬೆಂಕಿ ಹಚ್ಚಬೇಕು ಅನ್ನಿಸುತ್ತದೆ ನನಗೆ.

ಕೊಯ್ತಾ, ಕೊಡಲಿ, ಬಡಿಗೆ ಎಲ್ಲವನ್ನೂ ಒಟ್ಟು ಹಾಕಿಸಿ, ಅದರ ಮೇಲೆ ನನ್ನ ಜಮಖಾನೆ ಹಾಸಿ, ರೇವವ್ವ ಅದರ ಮೇಲೆ ಕೂತಳು. ಆಕೆಯ ಒಂದು ಬದಿಗೆ ಊರು, ಇನ್ನೊಂದು ಬದಿಗೆ ಟೋಳಿ. ಅನಿಲ ಟೋಳಿಯ ಮುಂದಿನ ಸಾಲಿನಲ್ಲಿ ಅಣ್ಣನ ಕಡೆ ಮುಖ ಮಾಡಿ ಕೂತ. ರಾಜಶ್ರೀ ಊರವರ ಮುಂದೆ ತನ್ನವರನ್ನು ನೋಡುತ್ತ ಕೂತಳು. ಬಸಂತರಾಯನಿಗೆ ಮಾತ್ರ ಕುರ್ಚಿ.

ಒಬ್ಬರು ತಮ್ಮ ಭಾಷೆಯಲ್ಲಿ ಆಡಿದ್ದನ್ನು ರೇವವ್ವ ಇನ್ನೊಬ್ಬರ ಭಾಷೆಯಲ್ಲಿ ಆಡುತ್ತಾಳೆ, ಬೈಗುಳ ಸಮೇತ. ಬೈಗುಳ ತೆಗೆದರೆ ಮಾತು ಸುಳ್ಳಾಗುತ್ತದೆಂದು ಆಕೆಯ ನಂಬಿಕೆ. ಊರವರು ಟೋಳಿಯವರ ಅವ್ವ ಅಕ್ಕಂದಿರನ್ನು ಹಿಡಿದು ಬೈದರು, ಆಕೆ ಅಷ್ಟನ್ನೂ ಮರಾಠಿಯಲ್ಲಿ ಒಪ್ಪಿಸಿದಳು. ಅಲ್ಲಿಂದ ಬಂದದ್ದನ್ನು ಕನ್ನಡಕ್ಕೆ ತಂದಳು. ತಲೆ ನರೆತ ಹೆಂಗಸು ಎರಡೂ ಭಾಷೆಯಲ್ಲಿ ಅಷ್ಟು ಹೊಲಸು ಮಾತಾಡುವುದನ್ನು ಕೇಳಿ ಎರಡೂ ಕಡೆಯ ಹುಡುಗರು ತಲೆ ತಗ್ಗಿಸಿ ನಗತೊಡಗಿದರು. ಬೈಗುಳ ಅಲ್ಲಿಗೆ ಮುಗಿಯಿತು.

ಆಮೇಲೆ ಮುತ್ತುವಿನ ತಾಯಿ ಹೊನ್ನವ್ವ ಮಾತಾಡಿದಳು. ಮಗನ ಕೈಯ ಬಟ್ಟೆ ಇನ್ನೂ ಹಸಿಯಾಗಿತ್ತು. "ನನ್ನ ಮಗ ಇನ್ನ ಯಾವ ಕೈಲೆ ಉಣ್ಣಬೇಕು, ಆಕಿನ್ನ ಕೇಳ್ರಿ" ಎಂದಳು. ರೇವವ್ವ ಕೇಳಿದಳು. ರಾಜಶ್ರೀ ತಿರುಗಲಿಲ್ಲ, ತನ್ನವರನ್ನು ನೋಡುತ್ತಲೇ ಮರಾಠಿಯಲ್ಲಿ ಹೇಳಿದಳು. ರೇವವ್ವ ಅದನ್ನು ಇದ್ದಹಾಗೆ ಇಟ್ಟಳು:

"ಆ ಕೈ ನನ್ನ ಎದಿ ಮ್ಯಾಲಿತ್ತು ಅಂತಾಳ. ಅದನ್ನ ಅಲ್ಲೇ ಬಿಡಬೇಕಿತ್ತೇನು ಅಂತ ಕೇಳಾಕತ್ತಾಳ."

ಮನೆಯಲ್ಲಿ ಮುತ್ತು ಬೇರೆಯೇ ಕತೆ ಹೇಳಿದ್ದ. ಹೊನ್ನವ್ವ ಮಗನ ಕಡೆ ತಿರುಗಿ, ಏನೋ ಇದು ಎಂದು ಕೇಳಿದಳು. ಅವನು ಹಿಂದಕ್ಕೆ ಸರಿದ. ಆಕೆ ಕಾಲಿನ ಚಪ್ಪಲಿ ಕಳಚಿ ಅವನ ಮುಖಕ್ಕೆ, ಹೆಗಲಿಗೆ, ಕೊನೆಗೆ ಬಟ್ಟೆ ಸುತ್ತಿದ ಕೈಗೂ ಹೊಡೆದಳು. ಅವನು ನೆಲಕ್ಕೆ ಬಿದ್ದು ಕರುವಿನ ಹಾಗೆ ಕೂಗಿದ. ಯಾರೂ ಬಿಡಿಸಲಿಲ್ಲ. ಹೊಡೆದು ಸಾಕಾಗಿ ಕೂತವಳು "ಆ ಪಂಪಿನ ಮನಿ ಬಾಗಲಾ ತೆಗೀರಿ" ಎಂದಳು. ಬೆರಳು ಕಳೆದುಕೊಂಡವನ ತಾಯಿಯೇ ಹೇಳಿದ ಮೇಲೆ ಇನ್ಯಾರು ಏನು ಹೇಳಬೇಕು? ಅಂಕುಶನನ್ನು ಬಿಡುವುದು, ಸುಟ್ಟ ಗುಡಿಸಲುಗಳನ್ನು ಊರೇ ಕಟ್ಟಿಕೊಡುವುದು ಎಂದು ಎರಡೂ ಭಾಷೆಯಲ್ಲಿ ಒಪ್ಪಿಗೆಯಾಯಿತು. ಒಬ್ಬ ಕೀಲಿ ತರಲು ಎದ್ದ.

ಆಗ ಕಲ್ಲು ಬಂತು. ತೆಂಗಿನಕಾಯಿ ಒಡೆದ ಸಪ್ಪಳವಾಯಿತು. ಅನಿಲನ ಕನ್ನಡಕ ಹಾರಿತು, ಅವನು ಹಿಂದಕ್ಕೆ ವಾಲಿ ಟೋಳಿಯ ಒಬ್ಬ ಮುದುಕಿಯ ಮಡಿಲಿಗೆ ಬಿದ್ದ. ಗೌಡನ ಆಳುಗಳು ಟೋಳಿಯವರು ಹೊಡೆದರೆಂದು ಕೂಗಿದರು. ಅಷ್ಟು ಸಾಕಾಯಿತು. ಊರವರು ರಾಜಶ್ರೀಯ ಜಡೆ ಹಿಡಿದು ಕೆಡವಿ ಹೊಟ್ಟೆಗೆ ಒದೆಯತೊಡಗಿದರು. ಆಚೆ ಟೋಳಿಯ ಹುಡುಗರು ನೆಲದ ಕಲ್ಲು ಬಾಚಿಕೊಂಡರು. ನನ್ನ ಶಾಮಿಯಾನದ ಕಂಬಗಳು ಕಿತ್ತುಬಂದವು, ನಾನು ಫೋನಿನ ಪೆಟ್ಟಿಗೆ ಬಿಟ್ಟು ಟ್ರ್ಯಾಕ್ಟರಿನ ಕೆಳಗೆ ಸೇರಿದೆ. ಅಲ್ಲಿಂದ ಕಂಡದ್ದನ್ನು ಹೇಳುತ್ತಿದ್ದೇನೆ.

ರೇವವ್ವ ಅನಿಲನ ಗದ್ದ ಹಿಡಿದು ಮುಖ ಮೇಲೆತ್ತಿ ಊರವರಿಗೆ ತೋರಿಸಿದಳು. ಹಣೆ ನಡುವೆ ಸೀಳಿತ್ತು, ರಕ್ತ ಕಣ್ಣಿಗಿಳಿಯುತ್ತಿತ್ತು. "ನೋಡ್ರಿ, ಹಣಿಗೆ ಬಿದ್ದೈತಿ. ಟೋಳಿಯವ್ರು ಇವನ ಬೆನ್ನ ಹಿಂದ ಕೂತಾರ. ಹಣಿಗೆ ಹೊಡದಂವಾ ನಿಮ್ಮೊಳಗಿನವ." ಹತ್ತಿರದ ಕೆಲವರು ನಿಂತರು. ಆಕೆ ಅನಿಲನನ್ನೇ ಕೇಳಿದಳು. ಅವನು ಅಣ್ಣನ ಕಡೆ ನೋಡಿ "ಕಾಣಲಿಲ್ರಿ" ಎಂದ.

ರೇವವ್ವನೂ ಅತ್ತ ನೋಡಿದಳು. ಇಡೀ ಸಭೆ ಎದ್ದು ಬಡಿದಾಡುತ್ತಿತ್ತು, ತಮ್ಮನ ತಲೆ ಒಡೆದಿತ್ತು, ಬಸಂತರಾಯ ಕುರ್ಚಿಯಿಂದ ಎದ್ದಿರಲಿಲ್ಲ. ಆಕೆಗೆ ತಿಳಿಯಿತು. ಟ್ರ್ಯಾಕ್ಟರಿನ ಕೆಳಗಿದ್ದ ನನಗೂ ತಿಳಿಯಿತು. ಅವನು ಕೊಟ್ಟದ್ದು ತಾನು ಕಳೆದುಕೊಳ್ಳಲು ಬಯಸಿದ್ದ ಜೀವ.

ಜಮಖಾನೆ ಎಳೆದು ಕೈಗೆ ಸಿಕ್ಕ ಕೊಯ್ತಾ ತೆಗೆದುಕೊಂಡು ಆಕೆ ನೆಟ್ಟಗೆ ಅವನತ್ತ ಹೋದಳು. ಇಷ್ಟು ವರ್ಷದ ಸಭೆಗಳಲ್ಲಿ ಆಕೆಯ ಕೈಯಲ್ಲಿ ಹತಾರ ಕಂಡವರಿಲ್ಲ, ಅದಕ್ಕೇ ಯಾರೂ ತಡೆಯಲಿಲ್ಲ. ಕುರ್ಚಿಯ ಹಿಂದೆ ನಿಂತು ಅವನ ಕೂದಲು ಹಿಡಿದು, ಅಲಗನ್ನು ಗಂಟಲಿಗೆ ಒತ್ತಿದಳು. ಬಿಳಿ ಅಂಗಿಯ ಕೊರಳಪಟ್ಟಿ ಕೆಂಪಾಯಿತು.

"ಬಿಡಸು" ಎಂದಳು. ಅವನು ಕುರ್ಚಿಯ ಕೈಗಳನ್ನು ಹಿಡಿದುಕೊಂಡ. ಆಕೆ ಇನ್ನಷ್ಟು ಒತ್ತಿದಳು. ಆಗ ಗೌಡನಿಗೆ ದನಿ ಬಂತು: "ಬಿಡ್ರಿ ಆಕಿನ್ನ. ಒಳಗಿನವನ್ನೂ ತರ್ರಿ."

ಅಂಕುಶನನ್ನು ಇಬ್ಬರು ಹೊತ್ತು ತಂದರು. ಒಂದು ಕಣ್ಣು ಮುಚ್ಚಿಹೋಗಿತ್ತು, ತುಟಿ ಹರಿದಿತ್ತು, ಎರಡೂ ಕೈ ಇದ್ದವು. ಟೋಳಿಯವರು ಉಳಿದ ಪಾತ್ರೆ, ಮಕ್ಕಳು, ಗಾಯಾಳುಗಳನ್ನು ಟ್ರಾಲಿಗಳಿಗೆ ತುಂಬಿಕೊಂಡರು. ಅಷ್ಟೂ ಹೊತ್ತು ಅಲಗು ಗೌಡನ ಗಂಟಲಲ್ಲೇ ಇತ್ತು.

ಟ್ರ್ಯಾಕ್ಟರುಗಳು ಹೊರಡುವಾಗ ಬಸಂತರಾಯ ಮೆಲ್ಲಗೆ ಹೇಳಿದ, "ನಿನ್ನ ಕೆಲಸ ಮುಗೀತಲ್ಲವ್ವಾ. ನನ್ನ ತಮ್ಮನ್ನ ನನಗ ಒಪ್ಪಸು. ನಿನ್ನ ಕಾಯ್ದೆ ಅದಲ್ಲೇನು?"

ಅನಿಲ ಟೋಳಿಯವರ ಟ್ರಾಲಿಯಲ್ಲಿ ಹತ್ತಿ ಕೂತಿದ್ದ. ತಲೆಗೆ ರಾಜಶ್ರೀ ತನ್ನ ಹರಿದ ಸೆರಗನ್ನು ಕಟ್ಟಿದ್ದಳು. "ಅವ್ವಾ, ನಾ ಇವರ ಕೂಡ ಹೋಗ್ತೇನ್ರಿ" ಎಂದ. ರಾಜಶ್ರೀ ಹೊಟ್ಟೆ ಹಿಡಿದುಕೊಂಡೇ ಮರಾಠಿಯಲ್ಲಿ, ಬರಲಿ ಬಿಡು ಚಿಕ್ಕವ್ವಾ, ಸೊಲ್ಲಾಪುರದಲ್ಲಿ ದವಾಖಾನೆಗೆ ಸೇರಿಸುತ್ತೇವೆ ಎಂದಳು.

ರೇವವ್ವ ಕೊಯ್ತಾ ಕೆಳಗೆ ಹಾಕಿ ಟ್ರಾಲಿಯ ಹತ್ತಿರ ನಿಂತಳು. ಹತಾರ ಹಿಡಿದು ತನ್ನ ಒಂದು ಕಾಯ್ದೆಯನ್ನು ತಾನೇ ಮುರಿದಿದ್ದಳು, ಉಳಿದದ್ದು ಕೊಟ್ಟವರಿಗೇ ಒಪ್ಪಿಸುವ ಈ ಕಾಯ್ದೆಯೊಂದೇ. ಮುಳುಗುವವರು ಕಡ್ಡಿ ಹಿಡಿದಂತೆ ಆಕೆ ಅದನ್ನು ಹಿಡಿದುಕೊಂಡಳು. ಅನಿಲನ ಕೈ ಹಿಡಿದು ಕೆಳಗಿಳಿಸಿದಳು. ಅವನು ಬೇಡವೆನ್ನಲಿಲ್ಲ, ದೊಡ್ಡವರ ಮಾತು ಕೇಳಿ ಬೆಳೆದವನು, ಬಂದ. "ಕೊಟ್ಟಂಗ ಒಪ್ಪಿಸೇನಿ. ಜೀವಂತ ಕೊಟ್ಟೇನಿ, ಎಲ್ಲಾರೂ ನೋಡ್ರಿ" ಎಂದು ಅವನ ಕೈಯನ್ನು ಅಣ್ಣನ ಕೈಯಲ್ಲಿಟ್ಟಳು. ಬಸಂತರಾಯ ತಮ್ಮನನ್ನು ತಬ್ಬಿಕೊಂಡು ಅತ್ತ. ನೋಡಿದವರೂ ಕಣ್ಣೊರೆಸಿಕೊಂಡರು.

ಟ್ರ್ಯಾಕ್ಟರುಗಳು ಕಾಲುವೆ ದಾಟಿದ ಮೇಲೆ ಗೌಡನ ಆಳುಗಳು ರೇವವ್ವನನ್ನು ನೆಲಕ್ಕೆ ಕೆಡವಿ, ಕೊಯ್ತಾ ಹಿಡಿದಿದ್ದ ಕೈಯನ್ನು ನನ್ನ ಶಾಮಿಯಾನದ ಬಿದಿರಿನಿಂದ ಜಜ್ಜಿದರು. ಎಲುಬು ಎರಡು ಕಡೆ ಮುರಿಯಿತು. ಹೊನ್ನವ್ವ ಅಡ್ಡ ಬಿದ್ದಿದ್ದಕ್ಕೆ ತಲೆ ಉಳಿಯಿತು. ನನ್ನ ಟೆಂಪೋದಲ್ಲಿ ದವಾಖಾನೆಗೆ ಕರೆದೊಯ್ಯುವಾಗ ಆಕೆ ಒಂದು ಸಲವೂ ನೋವೆನ್ನಲಿಲ್ಲ. "ಹೋಗ್ತೇನಿ ಅಂದ್ನಲ್ಲ, ಬಿಡಬೇಕಿತ್ತೇನು" ಎಂದು ಕೇಳಿದಳು. ನಿಮ್ಮ ಕಾಯ್ದೆ ನೀವು ನಡೆಸಿದ್ದೀರಿ ಎಂದೆ.

ಯುಗಾದಿಗೆ ಮೊದಲು ಅನಿಲ ಬಾವಿಯಲ್ಲಿ ಸಿಕ್ಕ. ಮೋಟರು ಚಾಲೂ ಮಾಡಲು ಹೋಗಿ ಕಾಲು ಜಾರಿತೆಂದರು. ತಲೆಯ ಹಿಂಬದಿ ನುಜ್ಜಾಗಿತ್ತು. ಬೀಳುವಾಗ ಕಲ್ಲು ತಗಲಿತೆಂದರು. ಮಣ್ಣಿನ ದಿನದ ಶಾಮಿಯಾನಕ್ಕೆ ನನಗೇ ಹೇಳಿ ಕಳಿಸಿದ್ದರು. ಹೋದೆ, ಹಾಕಿದೆ. ಬೇರೆ ಯಾರಾದರೂ ಹಾಕುತ್ತಿದ್ದರು ಎಂದು ನನಗೆ ನಾನೇ ಹೇಳಿಕೊಂಡೆ.

ಹೆಣವನ್ನು ನಮ್ಮ ರೂಢಿಯಂತೆ ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ ಹೂವು ಹಾಕಿದ್ದರು. ಮಗ್ಗುಲಲ್ಲಿ ಹೆಂಡತಿ ವಿಜಯಶ್ರೀ, ಎದುರಿಗೆ ಭಜನೆಯವರು, ಅವರ ನಡುವೆ ಬಸಂತರಾಯ. ರೇವವ್ವ ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಒಳಗೆ ಬಂದಳು. ಜೊತೆಗೆ ಯಾರೂ ಇರಲಿಲ್ಲ. ಆಳುಗಳು ಎದ್ದರು, ಹೆಣದ ಮನೆಯಲ್ಲಿ ಕೈ ಮಾಡಲಾಗದೆ ನಿಂತರು. ವಿಜಯಶ್ರೀ ಆಕೆಯನ್ನು ನೋಡಿ ಸರಿದು ಜಾಗ ಕೊಟ್ಟಳು. ರೇವವ್ವ ಹೆಣದ ಮಗ್ಗುಲಿಗೆ ಕೂತು ಅದರ ಕೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು.

"ಗೌಡ್ರ, ಅವತ್ತ ಇವನ್ನ ನಿಮಗ ಒಪ್ಪಿಸಿ ತಪ್ಪ ಮಾಡೇನಿ" ಎಂದಳು. ದನಿ ಏರಿಸಲಿಲ್ಲ, ಆದರೂ ಅಂಗಳದಲ್ಲಿ ನಿಂತ ನನ್ನವರೆಗೂ ಕೇಳಿತು. "ಕಲ್ಲು ಒಗದ ಮನಿಗೆ ನಾನ ಕೈ ಹಿಡದು ತಂದ ಬಿಟ್ಟೇನಿ. ವಾಪಸ ಕೇಳಾಕ ಬಂದೇನಿ. ಕೊಡ್ರಿ."

ಭಜನೆಯವರು ತಾಳ ಕೆಳಗಿಟ್ಟರು. ಸುಮ್ಮನಿರೆಂದು ಆಕೆಗೆ ಯಾರೂ ಹೇಳಲಿಲ್ಲ. ಹೊನ್ನವ್ವ ಬಾಗಿಲ ಹತ್ತಿರದಿಂದ ಎದ್ದು ಬಂದು ರೇವವ್ವನ ಬಳಿ ಕೂತಳು, ಅವಳ ಹಿಂದೆ ಇನ್ನೂ ಕೆಲವು ಹೆಂಗಸರು ಬಂದು ಕೂತರು. ಬಸಂತರಾಯ ಗೌಡ ಎದ್ದು ಒಳಮನೆಗೆ ಹೋದ, ತಮ್ಮನನ್ನು ಮಣ್ಣು ಮಾಡುವತನಕ ಹೊರಗೆ ಬರಲಿಲ್ಲ.